ಬಿಳಿ ಪಂಚೆ ಹಿಡಿದು ಲೈಟ್ ಕೊಂಡ ಕಥೆ

ಸಾಗರದ ನನ್ನ ಸ್ಟುಡಿಯೋದಲ್ಲಿ ಈಗಿರುವುದು ಒಂದೇ ಒಂದು ಸ್ಟ್ರೋಬ್, ಅಂದರೆ ಸ್ಟುಡಿಯೋದ ದೊಡ್ಡ ಫ್ಲಾಶ್ ಲೈಟ್. 300 ವ್ಯಾಟ್ ಸೆಕೆಂಡಿನದ್ದು, ಒಂದು ಮಿಂಚಿನ ಶಕ್ತಿಯ ಅಳತೆ ಅದು. ಅದನ್ನು ತಂದ ದಿನ ಗೆಳೆಯರೊಬ್ಬರು, ಅವರೂ ಸ್ಟುಡಿಯೋದವರೇ, ಬಾಗಿಲಲ್ಲೇ ನಿಂತು ನಕ್ಕಿದ್ದರು. "ಒಂದು ಲೈಟಲ್ಲಿ ಸ್ಟುಡಿಯೋನಾ ಮಾರಾಯ? ಗಿರಾಕಿ ಒಳಗೆ ಇಣುಕಿ ವಾಪಸ್ ಹೋಗ್ತಾರೆ." ಮೂರು ವರ್ಷ ದಾಟಿತು. ಯಾರೂ ವಾಪಸ್ ಹೋಗಿಲ್ಲ. ಕ್ಯಾಮೆರಾದ ಶಟರ್ ಲೆಕ್ಕ ನೋಡಿದರೆ ಈ ಲೈಟ್ ಏನಿಲ್ಲವೆಂದರೂ ನಲವತ್ತು ಸಾವಿರ ಸಲ ಹೊಡೆದಿದೆ. ಇದನ್ನೇ ಹೇಗೆ ಆಯ್ದುಕೊಂಡೆ ಎಂದು ಈಗ ಬರೆಯುವ ಧೈರ್ಯ ಬಂದಿದೆ.

ಮೊದಲು ಕಳೆದುಕೊಂಡ ದುಡ್ಡಿನ ವಿಷಯ. 2016ರಲ್ಲಿ ಇರಬೇಕು, ಮೂರು ಲೈಟಿನ ಕಿಟ್ ಒಂದನ್ನು 22,000 ಕೊಟ್ಟು ತಂದಿದ್ದೆ. ಬ್ರ್ಯಾಂಡ್ ಹೆಸರು ಬೇಡ ಬಿಡಿ. ಮೂರು ಸ್ಟ್ಯಾಂಡು, ಬೆಳಕು ಮೆದು ಮಾಡುವ ಎರಡು ಸಾಫ್ಟ್‌ಬಾಕ್ಸ್, ಒಂದು ಛತ್ರಿ, ಒಂದು ಚೀಲ. ನೋಡೋಕೆ ಭರ್ಜರಿ. ಆದರೆ ಸಾಫ್ಟ್‌ಬಾಕ್ಸ್ ಸಿಕ್ಕಿಸುವ ಮೌಂಟ್ ಅವರದ್ದೇ ಬೇರೆ. ಅದರ ಸಾಫ್ಟ್‌ಬಾಕ್ಸ್ ಹರಿದ ಮೇಲೆ ಬೇರೆ ಯಾವುದೂ ಅದಕ್ಕೆ ಕೂರಲಿಲ್ಲ. ಒಂದು ವರ್ಷ ರಬ್ಬರ್ ಬ್ಯಾಂಡು, ಅಡಿಕೆ ಹಾಳೆಯ ಪಟ್ಟಿ ಕಟ್ಟಿಕೊಂಡು ನಡೆಸಿದೆ. ಮೂರು ಲೈಟಿಗೂ ಮೂರು ಬಣ್ಣ ಬೇರೆ. ಬಲಗೆನ್ನೆ ಒಂಥರ, ಎಡಗೆನ್ನೆ ಇನ್ನೊಂಥರ. ಪ್ರತಿ ಫೋಟೋವನ್ನೂ ಕಂಪ್ಯೂಟರ್‌ನಲ್ಲಿ ಕೂತು ತಿದ್ದಬೇಕಿತ್ತು.

ಅದೂ ಹೋಗಲಿ. ನಿಜವಾಗಿ ಮರ್ಯಾದೆ ಹೋಗಿದ್ದು ಒಂದು ಉಪನಯನದ ಮನೆಯವರ ಫೋಟೋದಲ್ಲಿ. ಕಾರ್ಯಕ್ರಮ ಮುಗಿಸಿ ಹದಿನೈದು ಜನ ಹಿರಿಯರು ಸ್ಟುಡಿಯೋಗೆ ಬಂದಿದ್ದರು. ಎಲ್ಲರದ್ದೂ ಬಿಳಿ ಪಂಚೆ, ಬಿಳಿ ಶಲ್ಯ. ಪ್ರಿಂಟ್ ಬಂದಾಗ ನೋಡಿದರೆ ಕೆಲವರ ಪಂಚೆ ತಿಳಿ ನೀಲಿ, ಕೆಲವರದ್ದು ಸರಿಯಾದ ಬಿಳಿ. ಒಂದೇ ಫೋಟೋದಲ್ಲಿ! ಬಿಳಿಯನ್ನು ಬಿಳಿಯಾಗಿ ತೋರಿಸುವ ವೈಟ್ ಬ್ಯಾಲೆನ್ಸ್ ಬದಲಿಸಿದರೆ ಮುಖ ಹಳದಿಯಾಗುತ್ತದೆ, ಪಂಚೆ ನೀಲಿಯಾಗಿಯೇ ಇರುತ್ತದೆ. ತಲೆ ಕೆಟ್ಟು ಹೋಯಿತು. ಕಾರಣ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ. ಬಟ್ಟೆ ಸೋಪಿನ ಪುಡಿಯಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುತ್ತದೆ. ಅದಕ್ಕೆ ನೇರಳಾತೀತ ಕಿರಣ ತಾಗಿದರೆ ನೀಲಿಯಾಗಿ ಹೊಳೆಯುತ್ತದೆ. ಒಳ್ಳೆಯ ಫ್ಲಾಶ್ ಟ್ಯೂಬಿಗೆ ಆ ಕಿರಣ ತಡೆಯುವ ಲೇಪನ ಇರುತ್ತದೆ. ನನ್ನದಕ್ಕೆ ಇರಲಿಲ್ಲ. ಮೇಲಿಂದ ನಾನು ಬೆಳ್ಳಿ ಛತ್ರಿ ಹಾಕಿ ಹೊಡೆದಿದ್ದೆ, ಮಧ್ಯೆ ಬಟ್ಟೆಯ ಪರದೆಯೂ ಇಲ್ಲ. ಬಾರ್ ಸೋಪಿನಲ್ಲಿ ಒಗೆದವರ ಪಂಚೆ ಉಳಿದುಕೊಂಡಿತ್ತು, ಪುಡಿಯಲ್ಲಿ ಒಗೆದವರದ್ದು ಹೋಗಿತ್ತು, ಅಷ್ಟೇ. ಆ ಮನೆಯವರಿಗೆ ಬಿಟ್ಟಿಯಾಗಿ ಮತ್ತೆ ತೆಗೆದುಕೊಡಬೇಕಾಯಿತು.

ಆಮೇಲೆ ಒಂದು ಜುಲೈನಲ್ಲಿ ಕಿಟ್‌ನ ನಡುವಿನ ಲೈಟ್ ಢಂ ಎಂದಿತು. ಕೆಪಾಸಿಟರ್, ಮಿಂಚಿಗೆ ಕರೆಂಟ್ ತುಂಬಿಟ್ಟುಕೊಳ್ಳುವ ಭಾಗ. ಮೀನು ಸುಟ್ಟಂಥ ವಾಸನೆ ಎರಡು ದಿನ ಹೋಗಲಿಲ್ಲ. ರಿಪೇರಿಗೆ ಬೆಂಗಳೂರಿನ ಎಸ್.ಪಿ. ರೋಡಿನವರೆಗೂ ಹೊತ್ತುಕೊಂಡು ಹೋದೆ. "ಈ ಟ್ಯೂಬೂ ಸಿಗಲ್ಲ, ಈ ಬೋರ್ಡೂ ಸಿಗಲ್ಲ" ಎಂದರು. ಬಸ್ ಚಾರ್ಜ್ ದಂಡ.

ನಂತರ ಎಲ್‌ಇಡಿ ಹುಚ್ಚು ಹಿಡಿಯಿತು. ಎರಡು ಪ್ಯಾನಲ್, 14,000. ನೋಡಿದ್ದೇ ಫೋಟೋ ಅಂತ ಎಲ್ಲರೂ ಹೇಳುತ್ತಿದ್ದರಲ್ಲ. ಪಾಸ್‌ಪೋರ್ಟ್ ಫೋಟೋಗೆ ಸಾಕು. ಆದರೆ ಕೂಸುಗಳು ಕಣ್ಣು ಬಿಡುವುದೇ ಇಲ್ಲ. ಲೆನ್ಸಿನ ಕಿಂಡಿ ಎಫ್ 5.6 ಬೇಕೆಂದರೆ ಕ್ಯಾಮೆರಾ ಬೆಳಕು ಹಿಡಿಯುವ ಅಳತೆ ಐಎಸ್ಒ 1600ಕ್ಕೆ ಹೋಗಬೇಕು. ನಮ್ಮ ಕಡೆಯ ಕಪ್ಪು, ಗೋಧಿ ಮೈಬಣ್ಣಕ್ಕೆ ಅಗ್ಗದ ಎಲ್‌ಇಡಿ ಒಂಥರ ಪಾಚಿ ಬಣ್ಣ ಬಳಿದುಬಿಡುತ್ತದೆ. ಅದಾದ ಮೇಲೆ ಕ್ಯಾಮೆರಾ ಮೇಲೆ ಕೂರುವ ಸಣ್ಣ ಫ್ಲಾಶ್ ಸ್ಪೀಡ್‌ಲೈಟು, ಸೆಲ್ಲು, ಚಾರ್ಜರ್, ಬ್ರಾಕೆಟ್ ಅಂತ ಮತ್ತೊಂದು 9,000. ಇದು ಪೂರ್ತಿ ದಂಡ ಅಲ್ಲ, ಸ್ಪೀಡ್‌ಲೈಟ್ ಇವತ್ತಿಗೂ ಕೆಲಸಕ್ಕೆ ಬರುತ್ತಿದೆ. ಆದರೆ ಛತ್ರಿಯೊಳಗೆ ಫುಲ್ ಪವರ್‌ನಲ್ಲಿ ಹೊಡೆಯುತ್ತಾ ಹೋದರೆ ಮೂವತ್ತು ಫೋಟೋಕ್ಕೆ ಬಿಸಿಯಾಗಿ ಮುಷ್ಕರ ಹೂಡುತ್ತಿತ್ತು.

ಒಟ್ಟು 45,000. 2022ರ ರೇಟಲ್ಲಿ ಹೆಚ್ಚು ಕಡಿಮೆ ಒಂದು ಕ್ವಿಂಟಾಲ್ ರಾಶಿ ಅಡಿಕೆ. ತೋಟ ನೋಡಿಕೊಳ್ಳುವ ಅಣ್ಣ ಈ ಲೆಕ್ಕವನ್ನು ಇವತ್ತಿಗೂ ಊಟಕ್ಕೆ ಕೂತಾಗ ಎತ್ತುತ್ತಾನೆ.

ಸೋತು ಕೂತಾಗ ಒಂದು ವಿಷಯ ಹೊಳೆಯಿತು. ನನ್ನ ಕೋಣೆ 11 ಅಡಿ ಅಗಲ, 17 ಅಡಿ ಉದ್ದ. ಮಾಳಿಗೆ 9 ಅಡಿ. ಇಂಥ ಗೂಡಿನಲ್ಲಿ ನನಗೆ ಬೆಳಕು ಕಡಿಮೆಯಾಗಿದ್ದೇ ಇಲ್ಲ. ಜಾಸ್ತಿಯಾಗಿದ್ದೇ ಸಮಸ್ಯೆ. ಸಾಫ್ಟ್‌ಬಾಕ್ಸನ್ನು ಮುಖದ ಹತ್ತಿರ ಮೂರು ಅಡಿಗೆ ತಂದರೆ ತಾನೇ ಬೆಳಕು ಮೆದುವಾಗುವುದು? ಹಳೇ ಕಿಟ್‌ನಲ್ಲಿ ಅಷ್ಟು ಹತ್ತಿರ ತಂದರೆ ಕನಿಷ್ಠ ಪವರ್‌ನಲ್ಲೂ ಎಫ್ 11 ಬರುತ್ತಿತ್ತು, ಕಿಂಡಿ ಅಷ್ಟು ಸಣ್ಣದಾದರೆ ಹಿಂದಿನದೂ ಸ್ಪಷ್ಟ. ಹಿಂದಿನ ಪರದೆಯ ಸುಕ್ಕು, ಹೊಲಿಗೆ ಎಲ್ಲಾ ಕಾಣುತ್ತಿತ್ತು. ಹಾಗಾಗಿ ದೂರ ಇಡುತ್ತಿದ್ದೆ. ದೂರ ಇಟ್ಟರೆ ಬೆಳಕು ಗೋಡೆಗೆಲ್ಲ ಚೆಲ್ಲಿ ಫೋಟೋ ಸಪ್ಪೆ.

ಅಂಗಡಿಯವರು ಎಲ್ಲರೂ ಮೇಲಿನ ಪವರ್ ಎಷ್ಟು ಅಂತ ಹೇಳುತ್ತಾರೆ. ನಾನು ಕೆಳಗಿನ ಪವರ್ ಎಷ್ಟು ಅಂತ ಕೇಳೋಕೆ ಶುರು ಮಾಡಿದೆ. ಆಗ ಕೈಗೆಟುಕುವ ಬೆಲೆಯಲ್ಲಿ ಇದ್ದಿದ್ದು ಗೋಡಾಕ್ಸ್ ಕಂಪನಿಯ ಎರಡು ಲೈಟ್. ಎಸ್‌ಕೆ 400 ಟು ಎಂಬುದು 400 ವ್ಯಾಟ್ ಸೆಕೆಂಡ್, ಆದರೆ ಹದಿನಾರನೇ ಒಂದು ಪಾಲಿಗಿಂತ ಕೆಳಗೆ ಇಳಿಯುವುದಿಲ್ಲ. ಅಂದರೆ 25 ವ್ಯಾಟ್ ಸೆಕೆಂಡ್. ಎಂಎಸ್ 300 ಮೂವತ್ತೆರಡನೇ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ 9 ಚಿಲ್ಲರೆ. ಎಲ್ಲರೂ 400 ತಗೋ ಎಂದರು. ನಾನು 300 ತಂದೆ. ಬೆಲೆಯೂ ಕಡಿಮೆ. ಎರಡಕ್ಕೂ ಬೋವೆನ್ಸ್ ಮೌಂಟ್. ಆ ಬೋವೆನ್ಸ್ ಎಂಬ ಇಂಗ್ಲೆಂಡಿನ ಕಂಪನಿ 2017ರಲ್ಲೇ ಮುಚ್ಚಿಹೋಯಿತು, ಆದರೆ ಅವರ ಮೌಂಟ್ ಮಾತ್ರ ಎಲ್ಲ ಕಡೆ ಬದುಕಿದೆ. ಯಾವ ಅಂಗಡಿಯ ಸಾಫ್ಟ್‌ಬಾಕ್ಸ್ ತಂದರೂ ಕೂರುತ್ತದೆ.

ಸುಮ್ನೆ ತಂದಿಲ್ಲ. ಶಿವಮೊಗ್ಗದ ಅಂಗಡಿಗೆ ನನ್ನ ಕ್ಯಾಮೆರಾ, ಬಣ್ಣ ಹೋಲಿಸುವ ಬೂದು ಹಲಗೆ ಗ್ರೇ ಕಾರ್ಡ್, ಲ್ಯಾಪ್‌ಟಾಪ್ ಜೊತೆಗೆ ಪುಡಿ ಸೋಪಿನಲ್ಲಿ ಒಗೆದ ಅಪ್ಪನ ಬಿಳಿ ಪಂಚೆಯನ್ನೂ ಹೊತ್ತುಕೊಂಡು ಹೋದೆ. ಅಂಗಡಿ ಹುಡುಗ ವಿಚಿತ್ರವಾಗಿ ನೋಡಿದ. ಪಂಚೆಯನ್ನು ಗ್ರೇ ಕಾರ್ಡ್ ಪಕ್ಕ ನೇತುಹಾಕಿ, ಸಾಫ್ಟ್‌ಬಾಕ್ಸ್ ಹಾಕದೆ ಬರೀ ಟ್ಯೂಬಿನಿಂದ ಹೊಡೆದೆ. ಅಲ್ಲೇ ಇದ್ದ ಇನ್ನೊಂದು ಅಗ್ಗದ ಲೈಟಿನಲ್ಲಿ ಪಂಚೆ ಆಕಾಶದ ಬಣ್ಣ. ಇದರಲ್ಲಿ ಪಂಚೆ ಪಂಚೆಯ ಹಾಗೇ ಇತ್ತು. ಆಮೇಲೆ ಅರ್ಧ ಪವರ್‌ನಲ್ಲಿ ಇಪ್ಪತ್ತು ಹೊಡೆತ, ಬೀಪ್ ಬಂದ ತಕ್ಷಣ ಮುಂದಿನದು. ಬೀಪ್ ಎಂದರೆ ಪೂರ್ತಿ ಚಾರ್ಜ್ ಆಗಿದೆ ಅಂತ ನಂಬಬೇಡಿ. ನನ್ನ ಹಳೇ ಕಿಟ್ ಮುಕ್ಕಾಲು ಚಾರ್ಜಿಗೇ ಬೀಪ್ ಹೊಡೆಯುತ್ತಿತ್ತು, ಮೂರರಲ್ಲಿ ಒಂದು ಫೋಟೋ ಮಂಕು. ಇಲ್ಲಿ ಇಪ್ಪತ್ತರಲ್ಲಿ ಗ್ರೇ ಕಾರ್ಡಿನ ಅಂಕಿ ಒಂದು, ಎರಡು ಆಚೀಚೆ ಆಯಿತು, ಅಷ್ಟೇ. ಫುಲ್ ಪವರ್‌ಗೂ ಕನಿಷ್ಠ ಪವರ್‌ಗೂ ಬಣ್ಣ ಸ್ವಲ್ಪ ಬದಲಾಗುತ್ತದೆ, ಸುಳ್ಳು ಹೇಳಲ್ಲ. ಆದರೆ ಲೈಟ್ ಒಂದೇ ಇದ್ದರೆ ಒಂದು ಸಲ ವೈಟ್ ಬ್ಯಾಲೆನ್ಸ್ ಹಿಡಿದರೆ ಮುಗಿಯಿತು. ಮೂರು ಲೈಟಿನ ಜಗಳ ಇಲ್ಲವಲ್ಲ.

ಊರಿಗೆ ತಂದ ಮೇಲೆ ಇನ್ನೊಂದು ಹುಚ್ಚಾಟ. ಮೋಟಾರ್ ವೈಂಡಿಂಗ್ ಮಾಡುವ ಸ್ನೇಹಿತನ ಹತ್ತಿರ ಡಿಮ್ಮರ್‌ಸ್ಟ್ಯಾಟ್ ಇದೆ. ಅದಕ್ಕೆ ಲೈಟ್ ಸಿಕ್ಕಿಸಿ ವೋಲ್ಟೇಜ್ ಇಳಿಸುತ್ತಾ ಹೋದೆವು. ನಮ್ಮಲ್ಲಿ ಸಂಜೆ ಪಂಪ್‌ಸೆಟ್ ಶುರುವಾದರೆ 190 ಬರುವುದೇ ಹೆಚ್ಚು. ಹಳೇ ಕಿಟ್‌ನಲ್ಲಿ ಉಳಿದಿದ್ದ ಲೈಟ್, ವೋಲ್ಟೇಜ್ ಇಳಿದ ಹಾಗೆ ತಾನೂ ಮಂಕಾಯಿತು. ಹೊಸದು 185ರಲ್ಲೂ ಬೆಳಕು ಬಿಟ್ಟುಕೊಡಲಿಲ್ಲ. ಚಾರ್ಜ್ ಆಗೋಕೆ ಮಾತ್ರ ಎರಡು ಸೆಕೆಂಡಿನ ಬದಲು ಮೂರೂವರೆ ತಗೊಂಡಿತು. ಅದಕ್ಕಿಂತ ಕೆಳಗಿಳಿಸುವ ಧೈರ್ಯ ನನಗೆ ಬರಲಿಲ್ಲ. ಹೊಸ ಲೈಟು, ಇನ್ನೂ ಅಣ್ಣನಿಗೆ ಬೆಲೆ ಹೇಳಿರಲಿಲ್ಲ.

ಬೆಲೆ ಅಂದಾಜು ಹೀಗಿತ್ತು. ಲೈಟು 10,000ದ ಆಸುಪಾಸು. ಬೆಳಕು ಆಚೀಚೆ ಚೆಲ್ಲದಂತೆ ತಡೆಯುವ ಗ್ರಿಡ್ ಇರುವ 95 ಸೆಂಟಿಮೀಟರ್ ಆಕ್ಟಾಬಾಕ್ಸ್, ಅಂದರೆ ಎಂಟು ಮೂಲೆಯ ಸಾಫ್ಟ್‌ಬಾಕ್ಸ್, 3,500. ಕ್ಯಾಮೆರಾದಿಂದ ಲೈಟ್ ಹೊಡೆಸುವ ಟ್ರಿಗರ್ 3,000 ಚಿಲ್ಲರೆ. ಸ್ಟ್ಯಾಂಡಿಗೆ 2,200 ಕೊಟ್ಟೆ, ಇದರಲ್ಲಿ ಕಂಜೂಸ್ ಮಾಡಬೇಡಿ. ಮರಳು ಚೀಲಕ್ಕೆ ದುಡ್ಡು ಕೊಡಲಿಲ್ಲ, ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿಸಿದೆ. ಬಿಳಿ ಛತ್ರಿ 900. ಥರ್ಮಾಕೋಲ್ ಶೀಟು, ಕಪ್ಪು ಕಾಗದ, ಟೇಪು ಸೇರಿ 600. ಎಲ್ಲಾ ಸೇರಿ 20,000ದ ಸ್ವಲ್ಪ ಮೇಲೆ. ಮೊದಲ ಕಿಟ್‌ಗಿಂತ ಕಡಿಮೆ.

ಮೊದಲ ವಾರ ಸುಲಭವಾಗಿರಲಿಲ್ಲ. ಶಟರ್ ವೇಗ ಸೆಕೆಂಡಿನ 200ನೇ ಒಂದು ಪಾಲಿಗೆ ಇಟ್ಟರೆ ಫೋಟೋದ ಕೆಳಗೆ ಕಪ್ಪು ಪಟ್ಟಿ. 160ಕ್ಕೆ ಇಳಿಸಿದೆ, ಹೋಯಿತು. ಇನ್ನೊಂದು ದಿನ ಒಬ್ಬ ಹುಡುಗಿಯ ಫೋಟೋ ತೆಗೆಯುವಾಗ ಎಷ್ಟು ಹೊಡೆದರೂ ಕಪ್ಪು. ಲೈಟ್ ಮಿಂಚುತ್ತಿದೆ, ಫೋಟೋದಲ್ಲಿ ಇಲ್ಲ. ಅರ್ಧ ಗಂಟೆ ಒದ್ದಾಡಿದೆ. ನೋಡಿದರೆ ಲೈಟ್, ಬೇರೆ ಫ್ಲಾಶ್ ಮಿಂಚಿದ ಕೂಡಲೇ ತಾನೂ ಹೊಡೆಯುವ ಎಸ್ ಒನ್ ಸ್ಲೇವ್‌ನಲ್ಲಿತ್ತು, ನಾನು ಪರೀಕ್ಷೆಗೆಂದು ಕ್ಯಾಮೆರಾ ಮೇಲೆ ಬೇರೆ ಫ್ಲಾಶನ್ನು, ಮೊದಲು ಸಣ್ಣದೊಂದು ಮಿಂಚು ಬಿಟ್ಟು ಬೆಳಕು ಅಳೆಯುವ ಟಿಟಿಎಲ್‌ನಲ್ಲಿ ಹಾಕಿದ್ದೆ. ಅದರ ಮುನ್ನಿನ ಮಿಂಚಿಗೇ ಇದು ಹೊಡೆದು ಖಾಲಿಯಾಗುತ್ತಿತ್ತು. ನಮ್ಮವರಲ್ಲಿ ಎಷ್ಟೋ ಜನ ಇದೇ ಕಾರಣಕ್ಕೆ ಲೈಟ್ ಹಾಳು ಅಂತ ಅಂಗಡಿಗೆ ವಾಪಸ್ ಒಯ್ದಿದ್ದಾರೆ, ಹೆಸರು ಹೇಳಲ್ಲ.

ಒಬ್ಬರ ಫೋಟೋಗೆ ಈಗ ನನ್ನ ಪದ್ಧತಿ ಹೀಗಿದೆ. ಆಕ್ಟಾಬಾಕ್ಸ್ ಮುಖದಿಂದ ಮೂರು ಅಡಿ, ಹುಬ್ಬಿಗಿಂತ ಒಂದೂವರೆ ಅಡಿ ಮೇಲೆ. ಆಚೆ ಕಡೆ ಥರ್ಮಾಕೋಲ್. ಅಂಗಡಿಯಲ್ಲಿ ಸಿಗುವುದು ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲದ್ದು. ನಾಲ್ಕನ್ನು ಟೇಪಿನಿಂದ ಜೋಡಿಸಿ ಪುಸ್ತಕದ ಹಾಗೆ ಮಡಚುವಂತೆ ಮಾಡಿದ್ದೇನೆ. ಒಂದು ಮುಖ ಬಿಳಿ, ಇನ್ನೊಂದು ಕಪ್ಪು. ದುಂಡು ಮುಖದವರಿಗೆ ಕಪ್ಪು ತಿರುಗಿಸಿದರೆ ಕೆನ್ನೆ ಇಳಿಯುತ್ತದೆ. ಮದುವೆಗೆ ಫೋಟೋ ಕೊಡಬೇಕಾದವರು ಇದಕ್ಕೇ ನನ್ನ ಹತ್ತಿರ ಬರುವುದು. ಕೂದಲಿನ ಹಿಂದೆ ಸ್ವಲ್ಪ ಮಿಂಚು ಬೇಕಿದ್ದರೆ ಹಳೇ ಸ್ಪೀಡ್‌ಲೈಟಿಗೆ ಬೆಳಕು ಚೆಲ್ಲದ ಹಾಗೆ ಜ್ಯೂಸ್ ಸ್ಟ್ರಾಗಳನ್ನು ಜೋಡಿಸಿ ಕಪ್ಪು ಡಬ್ಬಿಯಲ್ಲಿ ಕೂರಿಸಿದ್ದೇನೆ. ಥರ್ಮಾಕೋಲನ್ನು ಮಾಡೆಲಿಂಗ್ ಲ್ಯಾಂಪಿನ ಹತ್ತಿರ ಮಾತ್ರ ಒಯ್ಯಬೇಡಿ. ಅದು ಬೆಳಕು ಎಲ್ಲಿ ಬೀಳುತ್ತದೆಂದು ನೋಡೋಕೆ ಲೈಟಿನಲ್ಲೇ ಉರಿಯುವ 150 ವ್ಯಾಟಿನ ಬಲ್ಬು. ನನ್ನ ಮೊದಲ ಶೀಟಿನಲ್ಲಿ ಒಂದು ದೋಸೆಯಷ್ಟು ತೂತಿದೆ.

ಕನ್ನಡಕದವರ ಫೋಟೋದಲ್ಲಿ ಗಾಜು ಮಿಂಚದ ಹಾಗೆ ಹೇಗೆ ಮಾಡುತ್ತೇನೆ ಎಂದು ಎಲ್ಲರೂ ಕೇಳುತ್ತಾರೆ. ಲೈಟ್ ಮೇಲೆತ್ತುವುದು ಎಲ್ಲರಿಗೂ ಗೊತ್ತು, ನಾನು ಮಾಡುವುದು ಅದಲ್ಲ. ಅದು ಇಲ್ಲಿ ಬೇಡ. ನಮ್ಮ ರಸ್ತೆಯಲ್ಲೇ ಇನ್ನೂ ಎರಡು ಸ್ಟುಡಿಯೋ ಇವೆ.

ಗುಂಪಿನ ಫೋಟೋ ಬಗ್ಗೆ ಎಲ್ಲರಿಗೂ ಅನುಮಾನವಿತ್ತು, ನನಗೂ ಇತ್ತು. ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿ ಅದರ ಪರೀಕ್ಷೆ ಆಯಿತು. ಬೆಂಗಳೂರು, ಮುಂಬೈಯಿಂದೆಲ್ಲ ನೆಂಟರು ಬಂದಿರುತ್ತಾರೆ, ಒಂದು ಫ್ಯಾಮಿಲಿ ಫೋಟೋ ಆಗಲೇಬೇಕು. ಹನ್ನೊಂದು ಜನ ಒಂದೇ ಸಲ ಒಳಗೆ ನುಗ್ಗಿದರು. ಲೈಟನ್ನು ಹತ್ತಿರ ಇಟ್ಟರೆ ಈ ತುದಿಯ ಅಜ್ಜಿ ಬೆಳ್ಳಗೆ, ಆ ತುದಿಯ ಅಳಿಯ ಕತ್ತಲೆ. ಹಾಗಾಗಿ ಆಕ್ಟಾಬಾಕ್ಸ್ ತೆಗೆದು ಬಿಳಿ ಛತ್ರಿ ಹಾಕಿ, ಲೈಟನ್ನು ಹನ್ನೆರಡು ಅಡಿ ಹಿಂದಕ್ಕೆ, ನನ್ನ ತಲೆಯ ಮೇಲೆ, ಮಾಳಿಗೆಗೆ ತಾಗುವಷ್ಟು ಎತ್ತಿದೆ. ಮೂರು ಅಡಿಯಿಂದ ಹನ್ನೆರಡಕ್ಕೆ ಹೋದರೆ ನಾಲ್ಕು ಸ್ಟಾಪ್ ಹೋಗುತ್ತದೆ, ಅಂದರೆ ಬೆಳಕು ನಾಲ್ಕು ಸಲ ಅರ್ಧವಾಗುತ್ತದೆ, ಆದರೆ ಕೈಯಲ್ಲಿ ಪವರ್ ಇತ್ತಲ್ಲ. ಅರ್ಧ ಪವರ್, ಐಎಸ್ಒ 200, ಎಫ್ 8. ಬಿಳಿ ಮಾಳಿಗೆ, ಬಿಳಿ ಗೋಡೆಗೆ ತಾಗಿದ ಬೆಳಕು ಎಲ್ಲಾ ಕಡೆಯಿಂದ ತುಂಬಿತು. ದೂರ ಇಟ್ಟಾಗ ಚೆಲ್ಲುತ್ತದೆ ಅಂತ ಬೈದಿದ್ದೆನಲ್ಲ, ಗುಂಪಿಗೆ ಅದೇ ಬೇಕಿತ್ತು. ಜರಿ ಸೀರೆಯ ಅಂಚು ಒಂದಿಷ್ಟು ಮಿಂಚಿತು, ಅದನ್ನು ಅವರು ಚೆಂದ ಅಂದರು, ನಾನೂ ಸುಮ್ಮನಾದೆ. ಆ ಜಾತ್ರೆಯ ವಾರದಲ್ಲಿ ಲೈಟಿಗೆ ಹಾಕಿದ ದುಡ್ಡು ಪೂರ್ತಿ ವಾಪಸ್ ಬಂತು, ಮೇಲೊಂದಿಷ್ಟು ಉಳಿಯಿತು ಕೂಡ.

ಅಪ್ಪನ ಪಂಚೆಗೆ ಇನ್ನೊಂದು ಕೆಲಸವೂ ಸಿಕ್ಕಿತು. ಆಕ್ಟಾಬಾಕ್ಸ್ ಒಳಗಿನ ಪರದೆ ಹರಿದಾಗ ಒಂದು ತುಂಡು ಕತ್ತರಿಸಿ ಹಾಕಿದೆ. ಬೆಳಕು ಹಾಲಿನ ಹಾಗೆ ಹರಡಿತು, ಆದರೆ ಅರ್ಧ ಸ್ಟಾಪ್ ಹೆಚ್ಚು ನುಂಗಿತು. ಆರು ತಿಂಗಳಿಗೆ ಬಲ್ಬಿನ ಬಿಸಿಗೆ ಹಳದಿಯಾಯಿತು. ಒಗೆದು ಹಾಕಿದೆ, ಅದೇ ಪುಡಿಯಲ್ಲಿ. ಈ ಸಲ ಏನೂ ನೀಲಿಯಾಗಲಿಲ್ಲ.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿರಾಕಿ ಕಡಿಮೆ, ಗೋಡೆಯೇ ಬೆವರುತ್ತದೆ. ಹಾಗೆಂದು ಲೈಟನ್ನು ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದರೆ ಕೆಪಾಸಿಟರ್ ಸೋಮಾರಿಯಾಗುತ್ತದೆ. ನಾನು ವಾರಕ್ಕೊಮ್ಮೆ ಒಂದು ಗಂಟೆ ಆನ್ ಮಾಡಿಟ್ಟು, ಕಡಿಮೆ ಪವರ್‌ನಿಂದ ಶುರು ಮಾಡಿ ಮೇಲಕ್ಕೆ ಮೂವತ್ತು ನಲವತ್ತು ಸಲ ಹೊಡೆಯುತ್ತೇನೆ. ಕರೆಂಟ್ ಹೋದಾಗ ಹಳೇ ಸ್ಕ್ವೇರ್ ವೇವ್ ಇನ್ವರ್ಟರಿಗೆ ಹಾಕಿದ್ದೆ, ಲೈಟ್ ಜೇನುಗೂಡಿನ ಹಾಗೆ ಗುಯ್ಗುಟ್ಟಿತು. ಹೆದರಿ ತೆಗೆದೆ. ಸೈನ್ ವೇವ್ ಇನ್ವರ್ಟರ್ ಬಂದ ಮೇಲೆ ತೊಂದರೆ ಇಲ್ಲ. ಮಾಡೆಲಿಂಗ್ ಲ್ಯಾಂಪ್ ಆರಿಸಿ, ಎರಡು ಹೊಡೆತದ ಮಧ್ಯೆ ಮೂರು ಎಣಿಸುತ್ತೇನೆ. ಏನೇ ಆಗಲಿ ಲೈಟ್ ಬಿಚ್ಚೋಕೆ ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟಿನ ಮೇಲೆ ಕೂತಿರುತ್ತದೆ.

ಬಾಗಿಲಲ್ಲಿ ನಿಂತು ನಕ್ಕಿದ್ದ ಗೆಳೆಯರು ಹೋದ ತಿಂಗಳು ಬಂದಿದ್ದರು. ಒಂದು ನಾಮಕರಣ ಇದೆ, ಎರಡು ದಿನಕ್ಕೆ ಲೈಟ್ ಕೊಡು ಎಂದರು. ಕೊಟ್ಟೆ. ವಾಪಸ್ ತಂದುಕೊಟ್ಟರು, ಥರ್ಮಾಕೋಲ್ ಪುಸ್ತಕ ಮಾತ್ರ ಅವರಲ್ಲೇ ಉಳಿದಿದೆ. ಫೋನ್ ಮಾಡಿದರೆ, ಇನ್ನೊಂದು ವಾರ ಇರಲಿ, ಅಳತೆ ತಗೋತಿದ್ದೀನಿ ಅನ್ನುತ್ತಾರೆ.