ಟೆಕ್ಸ್ಟ್ ಎಡಿಟರಿನ ಇತ್ತೀಚಿನ ಕಡತಗಳ ಪಟ್ಟಿಯನ್ನು ಹದದಲ್ಲಿಡುವ ಬಗೆ

ಫೈಲ್ ಮೆನುವಿನಲ್ಲಿ ಕಾಣುವ ಇತ್ತೀಚಿನ ಕಡತಗಳ ಪಟ್ಟಿಯಲ್ಲಿ ಕಡತಗಳ ವಿಳಾಸಗಳಷ್ಟೇ ಇರುತ್ತವೆ. ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿ ಯಾವ ಹೆಸರಿನ ಕಡತವನ್ನು ತೆರೆದಿದ್ದಿರಿ ಎಂಬುದನ್ನು ಎಡಿಟರ್ ತನ್ನದೇ ಒಂದು ಸಣ್ಣ ದಾಖಲೆಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆದ್ದರಿಂದ ಪಟ್ಟಿಯಿಂದ ಒಂದು ಹೆಸರನ್ನು ತೆಗೆದರೆ ಡಿಸ್ಕಿನಲ್ಲಿರುವ ಕಡತಕ್ಕೆ ಏನೂ ಆಗುವುದಿಲ್ಲ. ಕಡತವನ್ನೇ ಬೇರೆಡೆಗೆ ಸಾಗಿಸಿದರೆ ಅಥವಾ ಅದರ ಹೆಸರು ಬದಲಿಸಿದರೆ ಪಟ್ಟಿಯಲ್ಲಿ ಹಳೆಯ ವಿಳಾಸ ಹಾಗೆಯೇ ಉಳಿದು, ಒತ್ತಿದಾಗ ಕಡತ ಸಿಗಲಿಲ್ಲವೆಂಬ ಸಂದೇಶ ಬರುತ್ತದೆ. ಅಳಿಸಿಹಾಕಿದ ಕಡತದ ಹೆಸರು ಕೂಡ ಪಟ್ಟಿಯಲ್ಲಿ ಉಳಿದಿರಬಹುದು ಎಂಬುದನ್ನು, ಹಂಚಿಕೊಂಡ ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು ವಿಶೇಷವಾಗಿ ಗಮನದಲ್ಲಿಡಬೇಕು.

ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಬಳಸುವವರು ಸೆಟ್ಟಿಂಗ್ಸ್ ಮೆನುವಿನ ಪ್ರಿಫರೆನ್ಸಸ್ ಕಿಟಕಿಯಲ್ಲಿ ರೀಸೆಂಟ್ ಫೈಲ್ಸ್ ಹಿಸ್ಟರಿ ಎಂಬ ಪುಟವನ್ನು ತೆರೆಯಬೇಕು. ಅಲ್ಲಿ ಪಟ್ಟಿಯ ಮಿತಿ ಮೊದಲಿಗೆ 10 ಇರುತ್ತದೆ, ಅದನ್ನು 30ರವರೆಗೆ ಏರಿಸಬಹುದು, ಸೊನ್ನೆಗೆ ಇಳಿಸಿದರೆ ಪಟ್ಟಿಯೇ ಇರುವುದಿಲ್ಲ. ಮಿತಿಯನ್ನು ಹೆಚ್ಚಿಸುವವರು ಪಟ್ಟಿಯನ್ನು ಉಪಮೆನುವಿನಲ್ಲಿ ತೋರಿಸುವ ಆಯ್ಕೆಯನ್ನೂ ಗುರುತು ಮಾಡಿಕೊಳ್ಳುವುದು ಒಳ್ಳೆಯದು, ಇಲ್ಲದಿದ್ದರೆ ಫೈಲ್ ಮೆನು ಪರದೆಯ ಉದ್ದಕ್ಕೂ ಬೆಳೆಯುತ್ತದೆ. ಅದೇ ಪುಟದಲ್ಲಿ ಬರಿಯ ಹೆಸರನ್ನು ತೋರಿಸಬೇಕೇ, ಪೂರ್ಣ ವಿಳಾಸವನ್ನು ತೋರಿಸಬೇಕೇ ಎಂಬ ಆಯ್ಕೆಯಿದೆ. ನನ್ನ ಮಟ್ಟಿಗೆ ಪೂರ್ಣ ವಿಳಾಸವೇ ಸರಿ. 'ಟಿಪ್ಪಣಿ' ಎಂಬ ಒಂದೇ ಹೆಸರಿನ ಕಡತ ಮೂರು ಫೋಲ್ಡರುಗಳಲ್ಲಿದ್ದಾಗ, ಅವಸರದಲ್ಲಿ ತಪ್ಪು ಪ್ರತಿಯನ್ನು ತೆರೆದು ತಿದ್ದಿ ಉಳಿಸುವ ಅಪಾಯ ಬರಿಯ ಹೆಸರಿನ ಪಟ್ಟಿಯಲ್ಲಿ ಬಹಳ ಹೆಚ್ಚು, ಮತ್ತು ಆ ತಪ್ಪು ತಕ್ಷಣ ಕಣ್ಣಿಗೆ ಬೀಳುವಂಥದ್ದೂ ಅಲ್ಲ.

ಈ ಎಡಿಟರ್ ಕಡತವನ್ನು ಪಟ್ಟಿಗೆ ಸೇರಿಸುವುದು ಅದನ್ನು ಮುಚ್ಚಿದಾಗ. ಈಗ ತಾನೇ ತೆರೆದ ಕಡತ ಪಟ್ಟಿಯಲ್ಲಿ ಕಾಣುವುದಿಲ್ಲವೆಂದು ಗಾಬರಿಯಾಗುವವರಿಗೆ ಇಷ್ಟು ತಿಳಿದರೆ ಸಾಕು. ಕೈತಪ್ಪಿ ಮುಚ್ಚಿದ ಕಡತವನ್ನು ಮರಳಿ ತರಲು ಕಂಟ್ರೋಲ್, ಶಿಫ್ಟ್ ಮತ್ತು ಟಿ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಪಟ್ಟಿಯನ್ನು ಪೂರ್ತಿ ಖಾಲಿ ಮಾಡುವ ಆಯ್ಕೆ ಫೈಲ್ ಮೆನುವಿನಲ್ಲೇ ಇದೆ.

ವಿಎಸ್ ಕೋಡ್ ಎಂಬ ಎಡಿಟರಿನ ಪಟ್ಟಿಯಲ್ಲಿ ಬಿಡಿ ಕಡತಗಳ ಜೊತೆಗೆ ಫೋಲ್ಡರುಗಳೂ, ಒಟ್ಟಿಗೆ ತೆರೆಯುವ ಫೋಲ್ಡರುಗಳ ಗುಂಪುಗಳಾದ ವರ್ಕ್‌ಸ್ಪೇಸುಗಳೂ ಸೇರುತ್ತವೆ. ಕಂಟ್ರೋಲ್ ಮತ್ತು ಆರ್ ಒತ್ತಿದರೆ ಇಡೀ ಪಟ್ಟಿ ಹುಡುಕುವ ಪೆಟ್ಟಿಗೆಯೊಂದಿಗೆ ತೆರೆದುಕೊಳ್ಳುತ್ತದೆ. ಬೇಡವಾದ ಸಾಲಿನ ಮೇಲೆ ಮೌಸ್ ಇಟ್ಟು ಬಲತುದಿಯ ಗುಣಾಕಾರದ ಗುರುತನ್ನು ಒತ್ತಿದರೆ ಆ ಒಂದು ಸಾಲು ಮಾತ್ರ ಹೋಗುತ್ತದೆ. ಓಪನ್ ರೀಸೆಂಟ್ ಉಪಮೆನುವಿನ ಕೊನೆಯಲ್ಲಿರುವ ಕ್ಲಿಯರ್ ಆಯ್ಕೆ ಎಲ್ಲವನ್ನೂ ಅಳಿಸುವುದರಿಂದ, ಒಂದೆರಡು ಹೆಸರು ತೆಗೆಯಬೇಕಾದಾಗ ಅದರ ತಂಟೆಗೆ ಹೋಗಬಾರದು.

ವಿಮ್ ಎಡಿಟರಿನಲ್ಲಿ ಪಟ್ಟಿಯನ್ನು ಇಡುವ ಕೆಲಸವನ್ನು ವಿಮ್‌ಇನ್ಫೋ ಎಂಬ ಕಡತ ಮಾಡುತ್ತದೆ, ವಿಮ್‌ನಿಂದಲೇ ಕವಲೊಡೆದ ನಿಯೋವಿಮ್‌ನಲ್ಲಿ ಅದರ ಸ್ಥಾನದಲ್ಲಿರುವುದು ಶಾಡಾ. ಎರಡರಲ್ಲಿಯೂ ಸಾಮಾನ್ಯ ಮಿತಿ 100 ಕಡತಗಳು. ಬ್ರೌಸ್ ಓಲ್ಡ್‌ಫೈಲ್ಸ್ ಎಂಬ ಆದೇಶ ಕೊಟ್ಟರೆ ಸಂಖ್ಯೆಗಳೊಂದಿಗೆ ಪಟ್ಟಿ ಬರುತ್ತದೆ, ಬೇಕಾದ ಸಂಖ್ಯೆಯನ್ನು ಬರೆದರೆ ಆ ಕಡತ ತೆರೆಯುತ್ತದೆ. ಪಟ್ಟಿ ಉದ್ದವಾಗಿದ್ದರೆ ನಡುವೆ ಕ್ಯೂ ಒತ್ತಿ ನಿಲ್ಲಿಸಿ ಸಂಖ್ಯೆ ಕೊಡಬಹುದು. ಪೆನ್‌ಡ್ರೈವ್ ಅಥವಾ ತಾತ್ಕಾಲಿಕ ಫೋಲ್ಡರಿನ ಕಡತಗಳು ದಾಖಲಾಗಬಾರದೆಂದಿದ್ದರೆ ವಿಮ್‌ಇನ್ಫೋ ಆಯ್ಕೆಯಲ್ಲಿ ಸಣ್ಣ ಆರ್ ಅಕ್ಷರದ ನಂತರ ಆ ವಿಳಾಸದ ಆರಂಭದ ಭಾಗವನ್ನು ಬರೆಯಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ವಿಮ್‌ಇನ್ಫೋದಲ್ಲಿ ಕಡತಗಳ ಹೆಸರಿನ ಜೊತೆಗೆ ನೀವು ಹುಡುಕಿದ ಪದಗಳು, ಕೊಟ್ಟ ಆದೇಶಗಳು, ನಕಲು ಮಾಡಿಕೊಂಡ ಪಠ್ಯದ ಸಾಲುಗಳು ಕೂಡ ಉಳಿಯುತ್ತವೆ. ಗೋಪ್ಯ ಪಠ್ಯವನ್ನು ತಿದ್ದುವಾಗ ಪಟ್ಟಿಯನ್ನು ಆಮೇಲೆ ಅಳಿಸುವ ಬದಲು, ಆ ದಾಖಲೆಯೇ ಇಲ್ಲದಂತೆ ವಿಮ್ ಅನ್ನು ಆರಂಭಿಸುವುದು ಕ್ಷೇಮ. ಆರಂಭದ ಆದೇಶದಲ್ಲಿ ಮೈನಸ್ ಐ ಆಯ್ಕೆಗೆ 'ನನ್' ಎಂಬ ಪದವನ್ನು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಕೊಟ್ಟರೆ ಅದು ಸಾಧ್ಯವಾಗುತ್ತದೆ.

ಇಮ್ಯಾಕ್ಸ್ ಎಡಿಟರಿನಲ್ಲಿ ರೀಸೆಂಟ್‌ಎಫ್ ಎಂಬ ಮೋಡ್ ಅನ್ನು, ಅಂದರೆ ಪಟ್ಟಿ ಇಡುವ ಸೌಲಭ್ಯವನ್ನು, ಚಾಲೂ ಮಾಡಿಕೊಳ್ಳಬೇಕು. ಅದು ಉಳಿಸಿಕೊಳ್ಳುವುದು 20 ಹೆಸರುಗಳನ್ನು, ಮೆನುವಿನಲ್ಲಿ ತೋರಿಸುವುದು 10 ಹೆಸರುಗಳನ್ನು. ದಿನವಿಡೀ ಹಲವು ಕಡತಗಳ ನಡುವೆ ಓಡಾಡುವವರಿಗೆ 20 ಬಹಳ ಕಡಿಮೆ, ಆದ್ದರಿಂದ ಮೊದಲು ಅದನ್ನು ಹೆಚ್ಚಿಸಬೇಕು. ಈ ಎಡಿಟರಿನ ನಿಜವಾದ ಶಕ್ತಿ ಇರುವುದು ಬೇಡವಾದುದನ್ನು ಸೇರಿಸದಿರುವ ಅದರ ಎಕ್ಸ್‌ಕ್ಲೂಡ್ ಪಟ್ಟಿಯಲ್ಲಿ. ಕಡತಗಳ ಬದಲಾವಣೆಗಳನ್ನು ದಾಖಲಿಸುವ ಗಿಟ್ ತಂತ್ರಾಂಶದ ಕಮಿಟ್ ಸಂದೇಶ ಬರೆಯಲು ತೆರೆಯುವ ಕಡತ, ತಾತ್ಕಾಲಿಕ ಫೋಲ್ಡರಿನ ಕಡತಗಳು, ಪ್ಯಾಕೇಜುಗಳ ಒಳಗಿನ ಕಡತಗಳು, ಇವುಗಳ ಹೆಸರಿನ ಮಾದರಿಯನ್ನು ಅಲ್ಲಿ ಬರೆದಿಟ್ಟರೆ, ಪಟ್ಟಿಯಲ್ಲಿ ನಿಮ್ಮ ಬರವಣಿಗೆ ಮಾತ್ರ ಉಳಿಯುತ್ತದೆ. ಹೊಸ ಮಾದರಿಯನ್ನು ಸೇರಿಸಿದ ಮೇಲೆ ಕ್ಲೀನಪ್ ಆದೇಶ ಕೊಟ್ಟರೆ ಮೊದಲೇ ಸೇರಿದ್ದ ಹೆಸರುಗಳೂ ಹೋಗುತ್ತವೆ. ಆದರೆ ಮೋಡ್ ಚಾಲೂ ಆದಾಗ ತಾನಾಗಿ ನಡೆಯುವ ಶುಚಿಗೊಳಿಸುವಿಕೆ, ಆ ಹೊತ್ತಿಗೆ ಓದಲು ಸಿಗದ ಕಡತಗಳನ್ನೂ ಪಟ್ಟಿಯಿಂದ ಕೈಬಿಡುತ್ತದೆ. ಪೆನ್‌ಡ್ರೈವ್ ಸಿಕ್ಕಿಸದೆ ಇಮ್ಯಾಕ್ಸ್ ತೆರೆದ ದಿನ ಅದರಲ್ಲಿನ ಕಡತಗಳ ಹೆಸರುಗಳೆಲ್ಲ ಮಾಯವಾಗುವುದು ಇದರಿಂದಲೇ. ಪೆನ್‌ಡ್ರೈವಿನ ಕಡತಗಳನ್ನು ಬಳಸುವವರು ಸ್ವಯಂ ಶುಚಿಗೊಳಿಸುವಿಕೆಯನ್ನು ನಿಲ್ಲಿಸಿ, ಬೇಕಾದಾಗ ಕೈಯಾರೆ ಮಾಡಿಕೊಳ್ಳಬೇಕು.

ನೆಟ್‌ವರ್ಕ್ ಡ್ರೈವಿನ ವಿಳಾಸಗಳು ಪಟ್ಟಿಯಲ್ಲಿದ್ದರೆ ಇನ್ನೊಂದು ತೊಡಕು ಬರುತ್ತದೆ. ಆರಂಭದಲ್ಲಿ ಪ್ರತಿ ಕಡತವೂ ಇದೆಯೇ ಎಂದು ನೋಡುವ ಎಡಿಟರ್, ಸಂಪರ್ಕ ಕಡಿದ ಡ್ರೈವಿನ ಉತ್ತರಕ್ಕಾಗಿ ಕಾಯುತ್ತ ನಿಂತುಬಿಡುತ್ತದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಆರಂಭದ ಪರಿಶೀಲನೆ ಬೇಡವೆನ್ನುವ ಗುರುತು ಅದೇ ರೀಸೆಂಟ್ ಫೈಲ್ಸ್ ಹಿಸ್ಟರಿ ಪುಟದಲ್ಲಿದೆ.

ಪಟ್ಟಿಯಿರುವ ದಾಖಲೆಯನ್ನೇ ಕೈಯಾರೆ ತಿದ್ದಬಯಸುವವರು ಮೊದಲು ಎಡಿಟರಿನ ಎಲ್ಲ ಕಿಟಕಿಗಳನ್ನು ಮುಚ್ಚಿ, ದಾಖಲೆಯ ಒಂದು ಪ್ರತಿಯನ್ನು ತೆಗೆದಿಟ್ಟುಕೊಂಡು, ಬೇರೊಂದು ಎಡಿಟರಿನಲ್ಲಿ ಅದನ್ನು ತೆರೆಯಬೇಕು. ಅನೇಕ ಎಡಿಟರುಗಳು ಮುಚ್ಚುವಾಗ ತಮ್ಮ ನೆನಪಿನಲ್ಲಿರುವ ಪಟ್ಟಿಯನ್ನು ಮತ್ತೆ ಬರೆಯುವುದರಿಂದ, ತೆರೆದಿರುವಾಗಲೇ ಮಾಡಿದ ತಿದ್ದುಪಡಿ ಉಳಿಯುವುದಿಲ್ಲ. ನಾನು ಹೀಗೆ ಎರಡು ಬಾರಿ ತಿದ್ದಿ, ಎರಡು ಬಾರಿಯೂ ಹಳೆಯ ಪಟ್ಟಿಯೇ ಮರಳಿದ್ದನ್ನು ಕಂಡ ಮೇಲೆ ಕಾರಣ ಹೊಳೆಯಿತು.

ಸದಾ ಬೇಕಾಗುವ ಕಡತಗಳನ್ನು ಈ ಪಟ್ಟಿಯ ಮೇಲೆ ನೆಚ್ಚಿಕೊಂಡು ಬಿಡಬಾರದು. ಹೊಸ ಹೆಸರು ಬಂದಂತೆ ಹಳೆಯದು ಕೆಳಗೆ ಸರಿದು ಬಿದ್ದುಹೋಗುವುದು ಇದರ ಸ್ವಭಾವ. ಅಂಥ ಕಡತಗಳ ಗುಂಪನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಸೆಷನ್ ಆಗಿ, ಅವುಗಳಿರುವ ಫೋಲ್ಡರುಗಳನ್ನು ವಿಎಸ್ ಕೋಡ್‌ನಲ್ಲಿ ವರ್ಕ್‌ಸ್ಪೇಸ್ ಆಗಿ ಉಳಿಸಿಡಬಹುದು.

ಎಡಿಟರಿನ ಪಟ್ಟಿ ಖಾಲಿಯಾದರೂ ಆಪರೇಟಿಂಗ್ ಸಿಸ್ಟಮ್ ತನ್ನ ಲೆಕ್ಕವನ್ನು ಬೇರೆ ಇಟ್ಟಿರುತ್ತದೆ. ವಿಂಡೋಸ್‌ನಲ್ಲಿ ಟಾಸ್ಕ್‌ಬಾರಿನ ಚಿಹ್ನೆಯ ಮೇಲೆ ಬಲಕ್ಲಿಕ್ ಮಾಡಿದಾಗ ಕಾಣುವ ಜಂಪ್ ಲಿಸ್ಟ್ ಇಂಥದ್ದು. ವಿಂಡೋಸ್ ಸೆಟ್ಟಿಂಗ್ಸ್‌ನ ಪರ್ಸನಲೈಸೇಷನ್ ವಿಭಾಗದ ಸ್ಟಾರ್ಟ್ ಪುಟದಲ್ಲಿ ಅದನ್ನು ನಿಲ್ಲಿಸಬಹುದು. ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್ ಪರಿಸರದಲ್ಲಿ ಹಲವು ತಂತ್ರಾಂಶಗಳು ಒಂದೇ ಸಾಮಾನ್ಯ ಪಟ್ಟಿಯನ್ನು ಹಂಚಿಕೊಳ್ಳುತ್ತವೆ, ಹಾಗಾಗಿ ಜಿಎಡಿಟ್ ಎಂಬ ಎಡಿಟರಿನಲ್ಲಿ ತೆರೆದ ಕಡತದ ಹೆಸರು ಫೈಲ್ ಮ್ಯಾನೇಜರಿನಲ್ಲೂ ಕಾಣುತ್ತದೆ. ಗ್ನೋಮ್ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದ ಫೈಲ್ ಹಿಸ್ಟರಿಯಲ್ಲಿ ಅದರ ಅವಧಿಯನ್ನು ಕಡಿಮೆ ಮಾಡಬಹುದು, ಇಲ್ಲವೇ ದಾಖಲಿಸುವುದನ್ನೇ ನಿಲ್ಲಿಸಬಹುದು. ಎಲ್ಲವನ್ನೂ ಮುಗಿಸಿದ ಮೇಲೆ ಎಡಿಟರನ್ನು ಒಮ್ಮೆ ಮುಚ್ಚಿ ಮತ್ತೆ ತೆರೆದು, ಅದರ ಮೆನು, ಟಾಸ್ಕ್‌ಬಾರಿನ ಚಿಹ್ನೆ ಮತ್ತು ಫೈಲ್ ಮ್ಯಾನೇಜರ್ ಈ ಮೂರನ್ನೂ ನೋಡಿ ಖಚಿತಪಡಿಸಿಕೊಳ್ಳಬೇಕು.