ಕೊಡಗಿನ ಮಕ್ಕಳಿಗೆ ಈಜು ಕಲಿಸುವಾಗ

ಕೊಡಗಿನಲ್ಲಿ ಬೆಳೆಯುವ ಮಗುವಿಗೆ ನೀರು ದೂರದ್ದಲ್ಲ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ತಪ್ಪಿದ ವರ್ಷ ಗಿಡಗಳಿಗೆ ಸ್ಪ್ರಿಂಕ್ಲರ್ ಹಾಯಿಸಲೆಂದು ತೋಡಿದ ಕೆರೆ ಮನೆಯ ಹಿಂದೆಯೇ ಇರುತ್ತದೆ, ಗದ್ದೆಯಾಚೆ ತೋಡು ಹರಿಯುತ್ತದೆ. ಆರು ವರ್ಷ ದಾಟಿದ ಮಕ್ಕಳಿಗೆ ಈಜಿನ ಮೂಲ ಕೌಶಲ, ಜಲಸುರಕ್ಷತೆ ಮತ್ತು ತನಗೆ ಅಪಾಯವಾಗದಂತೆ ಇತರರನ್ನು ರಕ್ಷಿಸುವ ಕ್ರಮ, ಈ ಮೂರನ್ನೂ ಕಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಪಾಠವು ಹೆಚ್ಚಾಗಿ ಮೊದಲನೆಯದಕ್ಕೇ ನಿಂತುಬಿಡುತ್ತದೆ.

ಜೂನ್‌ನಲ್ಲಿ ಮಳೆ ಹಿಡಿಯುವ ಮುನ್ನ, ಬೇಸಿಗೆ ರಜೆಯಲ್ಲಿ, ತರಬೇತುದಾರರಿರುವ ಕೊಳದಲ್ಲಿ ಕಲಿಕೆ ಆರಂಭವಾಗಲಿ. ಕೈಬೀಸುವುದಕ್ಕೆ ಅವಸರ ಬೇಡ. ಎದೆಮಟ್ಟದ ನೀರಿನಲ್ಲಿ ನಿಂತು ಮುಖ ಮುಳುಗಿಸಿ ಉಸಿರು ಬಿಡುವುದು, ಆಮೇಲೆ ಅಂಗಾತ ತೇಲುವುದು, ಇವೆರಡು ಮೈಗೂಡಿದ ಮೇಲಷ್ಟೇ ಮುಂದಕ್ಕೆ ಹೋಗಿ. ಹೆದರಿದ ಮಗುವನ್ನು ದಂಡೆಯಿಂದ ತಳ್ಳಿ ಕಲಿಸುವ ಹಳೆಯ ರೂಢಿಯನ್ನು ದಯವಿಟ್ಟು ಬಿಟ್ಟುಬಿಡಿ. ಆ ಭಯ ವರ್ಷಗಟ್ಟಲೆ ಉಳಿಯುತ್ತದೆ. ಮಗು ಕಲಿತಿದೆಯೇ ಎಂದು ತಿಳಿಯಲು ಅಮೆರಿಕನ್ ರೆಡ್ ಕ್ರಾಸ್‌ನ ಅಳತೆಗೋಲು ಉಪಯುಕ್ತ: ತಲೆ ಮುಳುಗುವ ನೀರಿಗೆ ಇಳಿದು ಮೇಲೆ ಬರಬೇಕು, ಒಂದು ನಿಮಿಷ ತೇಲಬೇಕು, ಸುತ್ತ ತಿರುಗಿ ದಡ ಯಾವ ಕಡೆಗಿದೆಯೆಂದು ಗುರುತಿಸಬೇಕು, 25 ಗಜ ಸಾಗಬೇಕು, ನೆರವಿಲ್ಲದೆ ಹೊರಬರಬೇಕು.

ಕೊನೆಯದು ನಮಗೆ ಬಹಳ ಮುಖ್ಯ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡದ ಇಳಿಜಾರು ಒದ್ದೆಯಾದಾಗ ಪಾಚಿಗಟ್ಟಿದ ಬಂಡೆಯಂತಾಗುತ್ತದೆ; ಕಾಲೂರಿದಷ್ಟೂ ಜಾರುತ್ತದೆ, ಹಿಡಿಯಲು ಏನೂ ಸಿಗುವುದಿಲ್ಲ, ಚೆನ್ನಾಗಿ ಈಜಬಲ್ಲ ಯುವಕನೂ ದಡದಿಂದ ಎರಡು ಮಾರು ದೂರದಲ್ಲೇ ಸೋತುಹೋಗಬಹುದು. ಹೊಂಡವಿರುವವರು ಸುತ್ತ ಬೇಲಿ ಹಾಕಿಸಿ, ನಾಲ್ಕೂ ಬದಿಯಲ್ಲಿ ಗಟ್ಟಿ ಗೂಟಕ್ಕೆ ಗಂಟುಗಂಟಾದ ಹಗ್ಗ ಕಟ್ಟಿ ನೀರಿನೊಳಗೆ ಇಳಿಬಿಡಿ. ತೋಟದ ಕೆಲಸಕ್ಕೆ ಬಂದು ಲೈನ್‌ಮನೆಗಳಲ್ಲಿ ಉಳಿದವರ ಮಕ್ಕಳಿಗೂ ಈ ಹಗ್ಗವನ್ನು ತೋರಿಸಿಕೊಡಿ. ಅವರಿಗೆ ನಮ್ಮ ಕೆರೆಗಳ ಆಳ ಗೊತ್ತಿರುವುದಿಲ್ಲ.

ಹೊಳೆಯ ಲೆಕ್ಕ ಬೇರೆ. ಕುಶಾಲನಗರದಲ್ಲಿ ಬಿಸಿಲಿದ್ದರೂ ಭಾಗಮಂಡಲದ ಕಡೆ ಸುರಿದ ಮಳೆ ಕಾವೇರಿಯನ್ನು ಏರಿಸುತ್ತದೆ. ಹಾರಂಗಿ ಅಣೆಕಟ್ಟಿನಿಂದ ಬಿಟ್ಟ ನೀರು ಕೂಡಿಗೆಯಲ್ಲಿ ಬಂದು ಸೇರುತ್ತದೆ. ನೀರು ಕೆಂಪಾದರೆ, ಎಲೆಕಡ್ಡಿ ತೇಲಿಬಂದರೆ, ಆ ಕ್ಷಣವೇ ದಡ ಹತ್ತಬೇಕು. ಅಬ್ಬಿ, ಮಲ್ಲಳ್ಳಿ ಜಲಪಾತಗಳಲ್ಲಿ ನೀರಿಗೆ ಇಳಿಯಲೇಬಾರದು.

ಮುಳುಗುತ್ತಿರುವ ಗೆಳೆಯನ ಹಿಂದೆ ಹಾರುವುದು ಒಂದು ಸಾವನ್ನು ಎರಡಾಗಿಸುತ್ತದೆ, ಏಕೆಂದರೆ ಗಾಬರಿಗೊಂಡವನು ಸಿಕ್ಕಿದ್ದನ್ನು ಅಪ್ಪಿ ಕೆಳಕ್ಕೆಳೆಯುತ್ತಾನೆ. ಕೂಗಿ ಜನ ಸೇರಿಸಿ, ದಡದಲ್ಲಿ ಮಲಗಿಕೊಂಡು ಕರಿಮೆಣಸು ಕೊಯ್ಯುವ ಬಿದಿರೇಣಿಯನ್ನೋ ಸೀರೆಯನ್ನೋ ಚಾಚಿ, ಇಲ್ಲವೇ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನು ಎಸೆಯಿರಿ.

ಮೇಲೆತ್ತಿದವರನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಸರಿಯಲ್ಲ. ಅದರಿಂದ ಅಮೂಲ್ಯ ನಿಮಿಷಗಳು ಕಳೆದುಹೋಗುತ್ತವೆ. ಉಸಿರಿಲ್ಲದಿದ್ದರೆ ಒಬ್ಬರು 112 ಅಥವಾ 108ಕ್ಕೆ ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ಬಾಯಿಗೆ ಬಾಯಿಟ್ಟು ಉಸಿರು ಕೊಡಲು ತೊಡಗಬೇಕು. ಬಳಿಕ ಎದೆಯ ನಡುವೆ 30 ಸಲ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ, 2 ಸಲ ಉಸಿರು ಕೊಡುತ್ತ ಮುಂದುವರಿಸಬೇಕು. ಎಚ್ಚರಗೊಂಡು ಎದ್ದು ಕುಳಿತವರನ್ನೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು, ಏಕೆಂದರೆ ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರ ಉಲ್ಬಣಿಸಬಹುದು.