ಚುಸೊಕ್ ಹಬ್ಬದಂದು ಕೊರಿಯಾದ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವ ಕ್ರಮ

ಕೊರಿಯಾದ ಸಂಪ್ರದಾಯದಲ್ಲಿ ತಂದೆತಾಯಿಯ ಬಗೆಗಿನ ಮಕ್ಕಳ ಕರ್ತವ್ಯ ಅವರ ಸಾವಿನೊಂದಿಗೆ ಮುಗಿಯುವುದಿಲ್ಲ. ಶರತ್ಕಾಲದ ಸುಗ್ಗಿ ಹಬ್ಬವಾದ ಚುಸೊಕ್‌ನ ಬೆಳಿಗ್ಗೆ ಗತಿಸಿದವರಿಗೆ ಎಡೆ ಸಲ್ಲಿಸುವ 'ಛಾರ್ಯೆ' ಎಂಬ ವಿಧಿ ಅದರ ಮುಂದುವರಿಕೆ.

ಮೊದಲು ಮಡಚುವ ಪರದೆಯ ಮುಂದೆ ಮೇಜನ್ನಿಟ್ಟು, ಹಿರಿಯರ ಹೆಸರು ಬರೆದ ಕಾಗದವನ್ನೋ ಭಾವಚಿತ್ರವನ್ನೋ ಸ್ಥಾಪಿಸಬೇಕು. ನಿಜವಾದ ದಿಕ್ಕು ಯಾವುದೇ ಇರಲಿ, ಅದಿರುವ ಕಡೆಯನ್ನೇ ಉತ್ತರವೆಂದು ಭಾವಿಸುವುದರಿಂದ, ಎದುರು ನಿಂತವರ ಬಲಗೈ ಕಡೆ ಪೂರ್ವವಾಗುತ್ತದೆ. ಹಿರಿಯರಿಗೆ ಅತಿ ಸಮೀಪದ ಸಾಲಿನಲ್ಲಿ ಸೊಂಗ್‌ಪ್ಯೊನ್, ಅಂದರೆ ಎಳ್ಳು ಅಥವಾ ಕಾಳಿನ ಹೂರಣ ತುಂಬಿ, ಪೈನ್ ಎಲೆಗಳ ಮೇಲೆ ಹಬೆಯಲ್ಲಿ ಬೇಯಿಸಿದ ಅಕ್ಕಿ ಕಡುಬು, ಇರಬೇಕು. ಮುಂದಿನ ಸಾಲುಗಳಲ್ಲಿ ಮೀನನ್ನು ಪೂರ್ವಕ್ಕೂ ಮಾಂಸವನ್ನು ಪಶ್ಚಿಮಕ್ಕೂ, ಕೊನೆಯ ಸಾಲಿನಲ್ಲಿ ಕೆಂಪು ಹಣ್ಣುಗಳನ್ನು ಪೂರ್ವಕ್ಕೂ ಬಿಳಿಯವನ್ನು ಪಶ್ಚಿಮಕ್ಕೂ ಇಡುವುದು ರೂಢಿ. ಪೀಚ್ ಹಣ್ಣು ಆತ್ಮಗಳನ್ನು ದೂರ ಓಡಿಸುತ್ತದೆಂಬ ನಂಬಿಕೆಯಿರುವುದರಿಂದ ಅದನ್ನು ಇಡಬಾರದು. ಮೆಣಸಿನಪುಡಿ ಮತ್ತು ಬೆಳ್ಳುಳ್ಳಿಯೂ ವರ್ಜ್ಯ. (ಬೆಳ್ಳುಳ್ಳಿಯ ಮಟ್ಟಿಗೆ ನಮ್ಮ ಅನೇಕರ ಶ್ರಾದ್ಧದ ಅಡುಗೆಯೂ ಹೀಗೆಯೇ.)

ಬಳಿಕ ಮದ್ಯವನ್ನು ಒಮ್ಮೆ ಅರ್ಪಿಸಿ, ಮಂಡಿಯೂರಿ ನಮಸ್ಕರಿಸಬೇಕು. ಹಳೆಯ ಪದ್ಧತಿಯಲ್ಲಿ ಗಂಡಸರಿಗೆ ಎರಡು, ಹೆಂಗಸರಿಗೆ ನಾಲ್ಕು ನಮಸ್ಕಾರಗಳು. ಎಡೆಯ ಆಹಾರವನ್ನು ಕೊನೆಗೆ ಮನೆಯವರೆಲ್ಲರೂ ಹಂಚಿಕೊಂಡು ಉಣ್ಣುತ್ತಾರೆ.

ಅಡುಗೆಯ ಹೊರೆ ಬಹುಪಾಲು ಸೊಸೆಯಂದಿರ ಮೇಲೆಯೇ ಬೀಳುತ್ತಿದ್ದುದು ಈ ಆಚರಣೆಯ ದೊಡ್ಡ ಕೊರತೆ. ಕನ್‌ಫ್ಯೂಷಿಯನ್ ಪರಂಪರೆಯ ಸಂಸ್ಥೆಯಾದ ಸುಂಗ್‌ಗ್ಯುನ್‌ಗ್ವಾನ್ 2022ರಲ್ಲಿ, ಎಣ್ಣೆಯಲ್ಲಿ ಕರಿದ ತಿನಿಸುಗಳು ಅನಿವಾರ್ಯವಲ್ಲ, ಒಂಬತ್ತು ಬಗೆಗಳಿದ್ದರೆ ಸಾಕು ಎಂದು ಪ್ರಕಟಿಸಿತು. ಹೊಸದಾಗಿ ಆರಂಭಿಸುವವರು ಈ ಮಾದರಿಯನ್ನೇ ಅನುಸರಿಸುವುದು ಲೇಸು.